ಶನಿವಾರದ ಎಣ್ಣೆ ಭಾನುವಾರದ ಓಟಕ್ಕೆ ಇಳಿಯುತ್ತಾ?

ಭಾನುವಾರ ಬೆಳಗ್ಗೆ ಆರೂವರೆಗೆ ಕಬ್ಬನ್ ಪಾರ್ಕಿಗೆ ಹೋದ್ರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ, "ನಿನ್ನೆ ಸ್ವಲ್ಪ ಜಾಸ್ತಿ ಆಯ್ತು ಮಗಾ, ಇವತ್ತು ಎರಡು ರೌಂಡ್ ಎಕ್ಸ್‌ಟ್ರಾ ಹೊಡ್ದು ಇಳಿಸಿಬಿಡ್ತೀನಿ". ಮೈಸೂರಿನವರಾದ್ರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಲು ಹತ್ತಿ ಇಳಿಸ್ತಾರೆ, ಬೇರೆ ಊರಿನವರು ಊರ ಹೊರಗಿನ ರಿಂಗ್ ರೋಡಲ್ಲಿ ನಡೆದು ಇಳಿಸ್ತಾರೆ, ಮಾತು ಮಾತ್ರ ಎಲ್ಲಾ ಕಡೆ ಒಂದೇ. ನಾನೂ ಸುಮಾರು ಐದು ವರ್ಷ ಇದೇ ಲೆಕ್ಕ ನಂಬಿಕೊಂಡು ಇದ್ದವನು. ಶನಿವಾರ ರಾತ್ರಿ ಗುಂಡು, ಭಾನುವಾರ ಬೆಳಗ್ಗೆ ಓಟ, ಎರಡೂ ಕಳೆದು ಸೊನ್ನೆ ಅಂತ. ತೂಕ ನಿಧಾನಕ್ಕೆ ಏರ್ತಾ ಹೋಯ್ತು, ಸೊಂಟದ ಸುತ್ತಳತೆ ಅದಕ್ಕಿಂತ ಬೇಗ ಏರ್ತು, ಆಮೇಲೆ ಸ್ಕ್ಯಾನಿಂಗ್ ರಿಪೋರ್ಟಲ್ಲಿ ಲಿವರ್‌ನಲ್ಲಿ ಕೊಬ್ಬಿದೆ ಅಂತ ಬಂತು. ಆಗ ಕೂತು ಓದೋಕೆ ಶುರು ಮಾಡಿದ್ದು, ಎಲ್ಲಿ ತಪ್ತಿದೆ ಈ ಲೆಕ್ಕ ಅಂತ. ಓದಿ ಅರ್ಥ ಮಾಡಿಕೊಂಡಿದ್ದನ್ನ ನನಗೆ ಯಾರಾದ್ರೂ ಮೊದಲೇ ಹೇಳಿದ್ರೆ ಚೆನ್ನಾಗಿತ್ತು ಅನ್ಸಿದ ರೀತೀಲೇ ಇಲ್ಲಿ ಬರೀತಿದೀನಿ.

ನಾವು ಕುಡಿಯೋದನ್ನ ಎಣ್ಣೆ ಅಂತೀವಲ್ಲ, ಆ ಹೆಸರು ಕ್ಯಾಲರಿ ವಿಷಯದಲ್ಲಿ ಸತ್ಯಕ್ಕೆ ತುಂಬಾ ಹತ್ರ ಇದೆ. ಅಡುಗೆ ಎಣ್ಣೆ, ತುಪ್ಪ, ಯಾವುದೇ ಕೊಬ್ಬು ಆಗಲಿ ಒಂದು ಗ್ರಾಮಿಗೆ 9 ಕ್ಯಾಲರಿ. ಅನ್ನ, ರಾಗಿ, ಸಕ್ಕರೆಯ ಕಾರ್ಬೋಹೈಡ್ರೇಟ್ ಒಂದು ಗ್ರಾಮಿಗೆ 4, ಬೇಳೆ-ಮೊಟ್ಟೆಯ ಪ್ರೋಟೀನೂ 4. ಆಲ್ಕೋಹಾಲ್ 7. ಅಂದ್ರೆ ಸಕ್ಕರೆಗಿಂತ ಕೊಬ್ಬಿಗೇ ಹತ್ರ. ಆದ್ರೆ ಅದು ನೀರಿನ ಥರ ಕಾಣುತ್ತೆ, ನೀರಿನ ಥರ ಒಳಗೆ ಹೋಗುತ್ತೆ, ಊಟ ಮಾಡಿದಂಗೆ ಹೊಟ್ಟೆ ತುಂಬಿದ ಭಾವನೆ ಕೊಡಲ್ಲ, ಅದಕ್ಕೇ ಯಾರೂ ಅದನ್ನ ತಿಂದ ಲೆಕ್ಕಕ್ಕೆ ಸೇರಿಸಲ್ಲ.

ಬಿಸ್ಕೆಟ್ ಪ್ಯಾಕೆಟ್ ಹಿಂದೆ ಎಷ್ಟು ಕ್ಯಾಲರಿ ಅಂತ ಟೇಬಲ್ ಇರುತ್ತೆ, ಬಾಟಲಿ ಮೇಲೆ ಸಾಮಾನ್ಯವಾಗಿ ಇರಲ್ಲ, ಶೇಕಡಾವಾರು ಆಲ್ಕೋಹಾಲ್ ಎಷ್ಟು ಅಂತ ಮಾತ್ರ ಇರುತ್ತೆ. ಪರವಾಗಿಲ್ಲ, ಅದೊಂದು ನಂಬರ್ ಸಾಕು. ಎಷ್ಟು ಎಂಎಲ್ ಕುಡಿದ್ರಿ ಅನ್ನೋದನ್ನ ಆ ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ, ಆಮೇಲೆ 0.79ರಿಂದ ಗುಣಿಸಿ (ಆಲ್ಕೋಹಾಲ್ ನೀರಿಗಿಂತ ಹಗುರ, ಅದಕ್ಕೆ), ಬಂದಿದ್ದು ಗ್ರಾಂ. ಅದನ್ನ 7ರಿಂದ ಗುಣಿಸಿದ್ರೆ ಕ್ಯಾಲರಿ. ನಮ್ಮಲ್ಲಿ ಸಿಗೋ ವಿಸ್ಕಿ, ರಮ್ಮು, ಬ್ರಾಂಡಿ ಬಹುತೇಕ ಶೇ 42.8. ಹಾಗಾಗಿ 60 ಎಂಎಲ್ ಲಾರ್ಜ್ ಅಂದ್ರೆ ಹತ್ರ ಹತ್ರ 20 ಗ್ರಾಂ ಆಲ್ಕೋಹಾಲ್, 140 ಕ್ಯಾಲರಿ. ನೈಂಟಿ ಅಂದ್ರೆ 30 ಗ್ರಾಂ, 210 ಕ್ಯಾಲರಿ. ಒಂದು ಕ್ವಾರ್ಟರ್ (180 ಎಂಎಲ್) ಅಂದ್ರೆ 60 ಗ್ರಾಂ, ಸುಮಾರು 425. 650 ಎಂಎಲ್ ಬಿಯರ್ ಬಾಟಲಿ ಶೇ 5ರದ್ದಾದ್ರೆ ಆಲ್ಕೋಹಾಲಿಂದಲೇ 180, ಮೇಲೆ ಅದರೊಳಗೆ ಉಳಿದಿರೋ ಕಾರ್ಬ್ ಸೇರಿ 260ರ ಆಸುಪಾಸು. ನಮ್ಮ ಜನ ಇಷ್ಟಪಡೋ ಸ್ಟ್ರಾಂಗ್ ಬಿಯರ್ ಆದ್ರೆ 350ರ ಹತ್ರ ಹೋಗುತ್ತೆ, ಅಂದ್ರೆ ಎರಡು ಸ್ಟ್ರಾಂಗ್ ಬಾಟಲಿ ಒಂದು ಒಳ್ಳೇ ಊಟಕ್ಕೆ ಸಮ. ವೈನ್ 150 ಎಂಎಲ್ ಗ್ಲಾಸಿಗೆ 120 ಚಿಲ್ಲರೆ.

ಇನ್ನೊಂದು ಇಲ್ಲೇ ಹೇಳಿಬಿಡ್ತೀನಿ, "ಝೀರೋ ಕಾರ್ಬ್" "ಲೋ ಕಾರ್ಬ್" ಅನ್ನೋ ಮಾತು. ವಿಸ್ಕಿ, ವೋಡ್ಕಾ, ಜಿನ್‌ನಲ್ಲಿ ಮೊದಲಿಂದಲೂ ಕಾರ್ಬ್ ಇಲ್ಲ, ಯಾಕಂದ್ರೆ ಬಟ್ಟಿ ಇಳಿಸುವಾಗ ಸಕ್ಕರೆ ಮೇಲೆ ಬರಲ್ಲ. ಕಾರ್ಬ್ ಇಲ್ಲ ಅಂದ ತಕ್ಷಣ ಕ್ಯಾಲರಿ ಇಲ್ಲ ಅಂತಲ್ಲ, ಅಲ್ಲಿರೋದು ಪೂರ್ತಿ ಆಲ್ಕೋಹಾಲಿನ ಕ್ಯಾಲರಿನೇ. ಕಾರ್ಬ್ ತೀರಾ ಕಮ್ಮಿ ತಿನ್ನೋ ಕೀಟೋ ಡಯಟ್ ಮಾಡ್ತಿರೋರು ಬಿಯರ್ ಬಿಟ್ಟು ವೋಡ್ಕಾಗೆ ಬಂದೆ, ಇನ್ನು ಸೇಫ್ ಅಂತ ಹೇಳ್ತಾರಲ್ಲ, ಅವರು ಕಾರ್ಬ್ ಎಣಿಸ್ತಿದಾರೆ, ಗ್ಲಾಸಿನೊಳಗೆ ಇರೋದನ್ನ ಎಣಿಸ್ತಿಲ್ಲ.

ಸರಿ, ಈಗ ಒಂದು ಮಾಮೂಲಿ ಶನಿವಾರ ರಾತ್ರಿ ತಗೊಳ್ಳಿ. ಒಂದು ಕ್ವಾರ್ಟರ್ 425. ಸೋಡಾ ಹಾಕಿದ್ರೆ ಏನೂ ಸೇರಲ್ಲ, ಕೋಲಾ ಹಾಕಿದ್ರೆ 300 ಎಂಎಲ್‌ಗೆ 130. ಟೇಬಲ್ ಮೇಲೆ ಕೂತ ತಕ್ಷಣ ಬರೋ ಮಸಾಲೆ ಕಡ್ಲೆಕಾಯಿ ಬೀಜ, ಮಾತಾಡ್ತಾ ಮಾತಾಡ್ತಾ ಒಬ್ಬರೇ 50 ಗ್ರಾಂ ಮುಗಿಸಿದ್ದು ಗೊತ್ತೇ ಆಗಲ್ಲ, ಅದು ಸುಮಾರು 300. ಒಂದು ಪ್ಲೇಟ್ ಕಬಾಬ್, ಎಣ್ಣೆ ಎಷ್ಟು ಹೀರಿದೆ ಅನ್ನೋದರ ಮೇಲೆ ಹೋಗುತ್ತೆ, ಆದ್ರೂ 400ಕ್ಕೆ ಕಮ್ಮಿ ಇರಲ್ಲ ಅಂದ್ಕೊಳ್ಳಿ. ಬಾರ್ ಮುಚ್ಚೋ ಹೊತ್ತಿಗೆ ಹಸಿವು, ಬಿರಿಯಾನಿ, ಇನ್ನೊಂದು 700. ಕೋಲಾ ಸೇರಿ ಒಟ್ಟು ಸುಮಾರು 1,950. ಇದರಲ್ಲಿ ಆಲ್ಕೋಹಾಲಿನದ್ದು ಕಾಲು ಭಾಗಕ್ಕಿಂತ ಕಮ್ಮಿ, ಮಿಕ್ಕಿದ್ದೆಲ್ಲ ಕುಡಿದಿದ್ದರಿಂದ ಆದದ್ದು. ಯಾಕಂದ್ರೆ ಆಲ್ಕೋಹಾಲ್ ಹಸಿವನ್ನ ಹೆಚ್ಚಿಸುತ್ತೆ, ಸಾಕು ಅನ್ನೋ ತೀರ್ಮಾನವನ್ನ ಸಡಿಲ ಮಾಡುತ್ತೆ, ಮನೇಲಿ ರಾತ್ರಿ ಹನ್ನೆರಡಕ್ಕೆ ಬಿರಿಯಾನಿ ತಿನ್ನದ ಮನುಷ್ಯ ಅಲ್ಲಿ ತಿಂತಾನೆ.

ಇದನ್ನ ಓಡಿ ಇಳಿಸೋಣ ಅಂದ್ರೆ? 70 ಕೆಜಿ ತೂಕದವರಿಗೆ ಒಂದು ಕಿಲೋಮೀಟರ್ ಓಟಕ್ಕೆ ಹತ್ರ ಹತ್ರ 70 ಕ್ಯಾಲರಿ ಖರ್ಚು. ಕ್ವಾರ್ಟರ್ ಒಂದಕ್ಕೇ 6 ಕಿಲೋಮೀಟರ್. ಇಡೀ ರಾತ್ರಿಗೆ 28 ಕಿಲೋಮೀಟರ್, ಅಂದ್ರೆ ಹಾಫ್ ಮ್ಯಾರಥಾನ್ ಮುಗಿಸಿ ಇನ್ನೂ 7 ಕಿಲೋಮೀಟರ್. ನಡೆಯೋದಾದ್ರೆ ಜೋರು ನಡಿಗೆ ಒಂದು ಗಂಟೆಗೆ 300 ಅಂತ ಆಪ್ ತೋರಿಸುತ್ತೆ, ಆದ್ರೆ ಅದರಲ್ಲಿ 70 ಸುಮ್ನೆ ಕೂತಿದ್ರೂ ಖರ್ಚಾಗೋದೇ, ನಡೆದಿದ್ದಕ್ಕೆ ಅಂತ ಆದದ್ದು 230. ಕೈಯಲ್ಲಿ ಕಟ್ಟಿಕೊಂಡಿರೋ ವಾಚ್ ನಂಬಿ ಲೆಕ್ಕ ಹಾಕೋರಿಗೆ ಇನ್ನೊಂದು ವಿಷಯ, 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಬಗೆಯ ವಾಚು-ಬ್ಯಾಂಡು ಪರೀಕ್ಷೆ ಮಾಡಿದ್ರು, ಹೃದಯದ ಬಡಿತ ಬಹುತೇಕ ಸರಿಯಾಗಿ ತೋರಿಸ್ತಿದ್ವು, ಕ್ಯಾಲರಿ ಮಾತ್ರ ಒಂದೂ ಸರಿ ಇರಲಿಲ್ಲ, ಎಲ್ಲಕ್ಕಿಂತ ಒಳ್ಳೇದೇ ಶೇ 27ರಷ್ಟು ತಪ್ಪು, ಕೆಟ್ಟದ್ದು ಶೇ 93. ವಾಚಲ್ಲಿ 500 ಬಂತು ಅಂತ 500ರದ್ದು ಕುಡಿಯೋದು ಅಂದ್ರೆ ಮುಳ್ಳೇ ಸರಿ ಇಲ್ಲದ ತಕ್ಕಡೀಲಿ ಚಿನ್ನ ತೂಗಿದಂಗೆ.

ಆದ್ರೆ ನಾನು ನಿಜವಾಗಿ ಹೇಳಬೇಕು ಅಂದ್ಕೊಂಡಿದ್ದು ಈ ಸಂಖ್ಯೆಗಳಲ್ಲ. ಯಾರಾದ್ರೂ 28 ಕಿಲೋಮೀಟರ್ ಓಡೇಬಿಡ್ತೀನಿ ಅಂತ ಹೊರಟ್ರೂ ಲೆಕ್ಕ ಸರಿಹೋಗಲ್ಲ, ಯಾಕಂದ್ರೆ ದೇಹ ಕ್ಯಾಲರಿಯನ್ನ ಕಿರಾಣಿ ಅಂಗಡಿ ಪುಸ್ತಕದ ಥರ ಜಮಾ-ಖರ್ಚು ಅಂತ ಬರೆದುಕೊಳ್ಳಲ್ಲ. ಇದು ಅರ್ಥ ಆಗಬೇಕು ಅಂದ್ರೆ ಲಿವರ್ ಒಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡ್ಲೇಬೇಕು.

ಅನ್ನ ತಿಂದ್ರೆ ಅದರ ಗ್ಲೂಕೋಸನ್ನ ಇಟ್ಟುಕೊಳ್ಳೋಕೆ ಜಾಗ ಇದೆ, ಲಿವರಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಇಡುತ್ತೆ. ಕೊಬ್ಬಿಗಂತೂ ಜಾಗಕ್ಕೆ ಬರವೇ ಇಲ್ಲ. ಆಲ್ಕೋಹಾಲಿಗೆ ಮಾತ್ರ ದೇಹದಲ್ಲಿ ಉಗ್ರಾಣ ಇಲ್ಲ. ಇಟ್ಟುಕೊಳ್ಳೋಕೂ ಆಗಲ್ಲ, ಸುಮ್ನೆ ಬಿಡೋಕೂ ಆಗಲ್ಲ, ಯಾಕಂದ್ರೆ ಅದು ವಿಷ. ಹಾಗಾಗಿ ಬಂದ ತಕ್ಷಣ ಎಲ್ಲಾ ಕೆಲಸ ಪಕ್ಕಕ್ಕಿಟ್ಟು ಅದನ್ನೇ ಮೊದಲು ಸುಡಬೇಕು. ಮದುವೆ ಮನೆ ಮೊದಲ ಪಂಕ್ತೀಲಿ ಬೀಗರು ಕೂತ್ರೆ ಮಿಕ್ಕವರೆಲ್ಲ ಕಾಯಬೇಕಲ್ಲ, ಹಾಗೆ. ಲಿವರ್ ಆಲ್ಕೋಹಾಲನ್ನ ಮೊದಲು ಅಸಿಟಾಲ್ಡಿಹೈಡ್ ಮಾಡುತ್ತೆ, ಇದು ಆಲ್ಕೋಹಾಲಿಗಿಂತ ಕೆಟ್ಟದ್ದು, ಮುಖ ಕೆಂಪಾಗೋದು, ವಾಕರಿಕೆ, ಡಿಎನ್‌ಎಗೆ ಹಾನಿ ಇದೆಲ್ಲ ಇದರ ಕೆಲಸ, ಆಮೇಲೆ ಅದನ್ನ ಅಸಿಟೇಟ್ ಮಾಡಿ ರಕ್ತಕ್ಕೆ ಬಿಡುತ್ತೆ. ಆ ಅಸಿಟೇಟನ್ನ ದೇಹದ ಮಿಕ್ಕ ಭಾಗಗಳು ಇಂಧನವಾಗಿ ಉಪಯೋಗಿಸ್ತವೆ. ಇಂಧನ ಬಾಗಿಲಿಗೇ ಬಂದು ಬಿದ್ದಿರೋವಾಗ ಉಗ್ರಾಣದಲ್ಲಿರೋ ಕೊಬ್ಬನ್ನ ತೆಗೆಯೋ ಅವಶ್ಯಕತೆ ಏನು? ಹಂಗಾಗಿ ಕೊಬ್ಬು ಕರಗೋ ಕೆಲಸ ನಿಂತೇ ಹೋದಂಗೆ ಆಗುತ್ತೆ. ಸ್ವಿಟ್ಜರ್ಲೆಂಡಿನಲ್ಲಿ ಜನರನ್ನ ಒಂದು ಮುಚ್ಚಿದ ಕೋಣೇಲಿ ಇರಿಸಿ ಅವರು ಬಿಡೋ ಉಸಿರನ್ನ ಅಳೆದು 1992ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಆಲ್ಕೋಹಾಲ್ ಕೊಟ್ಟ ದಿನ 24 ಗಂಟೆಯಲ್ಲಿ ಕೊಬ್ಬು ಸುಡೋದು ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಗಿತ್ತು.

ಇಲ್ಲಿ ಜನ ಒಂದು ತಪ್ಪು ಮಾಡ್ತಾರೆ, ನಾನೂ ಮಾಡ್ತಿದ್ದೆ. ಕುಡಿದಿದ್ದೆಲ್ಲ ನೇರವಾಗಿ ಹೊಟ್ಟೆಯ ಕೊಬ್ಬಾಗುತ್ತೆ ಅಂತ. ಹಾಗಲ್ಲ, ಒಂದೆರಡು ಪೆಗ್ಗಿನ ಆಲ್ಕೋಹಾಲಲ್ಲಿ ಕೊಬ್ಬಾಗಿ ಬದಲಾಗೋದು ತೀರಾ ಸ್ವಲ್ಪ. ಕೊಬ್ಬಾಗಿ ಕೂರೋದು ಅದರ ಜೊತೆ ತಿಂದಿದ್ದು. ಕಡ್ಲೆಕಾಯಿ ಬೀಜದ ಎಣ್ಣೆ, ಕಬಾಬಿನ ಎಣ್ಣೆ, ಬಿರಿಯಾನಿಯ ತುಪ್ಪ, ಇವೆಲ್ಲ ಪಂಕ್ತೀಲಿ ಜಾಗ ಸಿಗದೆ ಸೀದಾ ಉಗ್ರಾಣಕ್ಕೆ ಹೋಗ್ತವೆ. ಅದೇ ಕಡ್ಲೆಕಾಯಿ ಬೀಜ ಸಾಯಂಕಾಲ ಟೀ ಜೊತೆ ತಿಂದ್ರೆ ಅದರಲ್ಲಿ ಒಂದಷ್ಟು ಸುಟ್ಟು ಹೋಗ್ತಿತ್ತು. ದಿನಾ ಜಾಸ್ತಿ ಕುಡಿಯೋರಿಗೆ ಮಾತ್ರ ಕಥೆ ಬೇರೆ, ಅವರ ಲಿವರ್ ತಾನೇ ಕೊಬ್ಬು ತಯಾರಿಸಿ ತನ್ನೊಳಗೇ ತುಂಬಿಕೊಳ್ಳೋಕೆ ಶುರು ಮಾಡುತ್ತೆ, ಫ್ಯಾಟಿ ಲಿವರ್ ಅನ್ನೋದು ಅದೇ. ನಮ್ಮ ಜನಕ್ಕೆ ಇದು ಇನ್ನೂ ಮುಖ್ಯ, ಯಾಕಂದ್ರೆ ಭಾರತೀಯರಲ್ಲಿ ಕೊಬ್ಬು ಹೊಟ್ಟೆ ಒಳಗೇ ಕೂರೋದು ಜಾಸ್ತಿ, ಅದಕ್ಕೇ ನಮಗೆ ಸೊಂಟದ ಮಿತಿಯನ್ನೂ ಕಮ್ಮಿ ಇಟ್ಟಿದಾರೆ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ನೋಡೋಕೆ ಸಣ್ಣಕ್ಕಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರೋರು ನಮ್ಮಲ್ಲಿ ಎಷ್ಟು ಜನ ಇಲ್ಲ.

ಇನ್ನು ಟೈಮ್. ಲಿವರ್ ಒಂದು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಮುಗಿಸುತ್ತೆ, ಅಷ್ಟೇ. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ, ಓಟ, ಬೆವರು ಯಾವುದೂ ಆ ಸ್ಪೀಡನ್ನ ಲೆಕ್ಕಕ್ಕೆ ಬರೋಷ್ಟು ಹೆಚ್ಚು ಮಾಡಲ್ಲ. ಬೆವರಲ್ಲಿ, ಉಸಿರಲ್ಲಿ, ಮೂತ್ರದಲ್ಲಿ ಹೋಗೋ ಆಲ್ಕೋಹಾಲ್ ತುಂಬಾ ಕಮ್ಮಿ, ಮಿಕ್ಕಿದ್ದೆಲ್ಲ ಲಿವರೇ ಮಾಡಬೇಕು. ಈಗ ರಾತ್ರಿ 9ಕ್ಕೆ ಶುರು ಮಾಡಿ ಒಂದು ಕ್ವಾರ್ಟರ್ ಮುಗಿಸಿದ್ರೆ 60 ಗ್ರಾಂ, ಬೆಳಗಿನ ಜಾವ 3ರಿಂದ 6ರ ನಡುವೆ ಎಲ್ಲೋ ಖಾಲಿ ಆಗುತ್ತೆ. ಅದರ ಮೇಲೆ ಇನ್ನೊಂದು ನೈಂಟಿ ಹಾಕಿದ್ರೆ ಆರೂವರೆಗೆ ಪಾರ್ಕಲ್ಲಿ ಓಡ್ತಿರೋವಾಗ್ಲೂ ರಕ್ತದಲ್ಲಿ ಆಲ್ಕೋಹಾಲ್ ಇರೋ ಸಾಧ್ಯತೆ ಚೆನ್ನಾಗೇ ಇದೆ. ಪಾರ್ಕಿಗೆ ಬೈಕಲ್ಲಿ ಬಂದಿದ್ರೆ ಅದೂ ಯೋಚನೆ ಮಾಡಬೇಕಾದ ವಿಷಯ, ನಮ್ಮ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ರಾತ್ರಿ ಮಲಗಿ ಎದ್ದೆ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ.

ಮಲಗಿದ್ದೂ ಸರಿಯಾದ ನಿದ್ದೆ ಅಲ್ಲ. ಕುಡಿದ್ರೆ ಬೇಗ ನಿದ್ದೆ ಬರುತ್ತೆ ನಿಜ, ಆದ್ರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ತುಂಡು ತುಂಡಾಗುತ್ತೆ, ಕನಸು ಬೀಳೋ ಆ ಘಟ್ಟದ ನಿದ್ದೆ ಕಮ್ಮಿ ಆಗುತ್ತೆ, ಎದೆ ಬಡಿತ ಮಾಮೂಲಿಗಿಂತ ಜಾಸ್ತಿ ಇರುತ್ತೆ, ನಾಲ್ಕು ಗಂಟೆಗೆ ಬಾಯಾರಿ ಎಚ್ಚರ ಆಗುತ್ತೆ, ಮೂತ್ರ ಹಿಡಿದಿಡೋ ಹಾರ್ಮೋನನ್ನ ಆಲ್ಕೋಹಾಲ್ ತಡೆಯೋದ್ರಿಂದ ಮಾಮೂಲಿಗಿಂತ ಜಾಸ್ತಿ ನೀರು ಹೊರಗೆ ಹೋಗಿರುತ್ತೆ. ಮಾರನೇ ದಿನ ನಿದ್ದೆ ಕೆಟ್ಟ ಮನುಷ್ಯನಿಗೆ ಹಸಿವು ಜಾಸ್ತಿ, ಅದರಲ್ಲೂ ಕರಿದಿದ್ದು, ಉಪ್ಪು-ಖಾರದ್ದು ಬೇಕು ಅನ್ಸುತ್ತೆ, ಮಸಾಲೆ ದೋಸೆ ಎರಡು ಹೋಗುತ್ತೆ. ಜೊತೆಗೆ ಮೈಗೆ ಆಲಸ್ಯ, ಓಡಿದ ಒಂದು ಗಂಟೆ ಬಿಟ್ರೆ ಇಡೀ ಭಾನುವಾರ ಸೋಫಾ ಮೇಲೆ. ಆ ಒಂದು ಗಂಟೆ ಓಟದ ಕ್ಯಾಲರಿಯನ್ನ ಆ ಸೋಫಾನೇ ವಾಪಸ್ ತಗೊಂಡಿರುತ್ತೆ.

ಜಿಮ್ಮಿಗೆ ಹೋಗಿ ತೂಕ ಎತ್ತೋರಿಗೂ ಒಂದು ಮಾತು. ವ್ಯಾಯಾಮ ಆದ ಮೇಲೆ ಸ್ನಾಯು ತನ್ನನ್ನ ತಾನು ಕಟ್ಟಿಕೊಳ್ಳೋ ಕೆಲಸ ಗಂಟೆಗಟ್ಟಲೆ ನಡೀತಿರುತ್ತೆ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಎಂಟು ಜನ ಗಂಡಸರ ಮೇಲೆ ಮಾಡಿದ ಪ್ರಯೋಗದಲ್ಲಿ, ವ್ಯಾಯಾಮದ ನಂತರ ಚೆನ್ನಾಗಿ ಕುಡಿಸಿದ್ರು, ಕೆಜಿಗೆ ಒಂದೂವರೆ ಗ್ರಾಂ, ಅಂದ್ರೆ 70 ಕೆಜಿಯವರಿಗೆ ಐದು ಲಾರ್ಜಿಗಿಂತ ಜಾಸ್ತಿ. ಜೊತೆಗೆ ಪ್ರೋಟೀನ್ ಕೊಟ್ಟಿದ್ರೂ ಸ್ನಾಯು ಕಟ್ಟೋ ವೇಗ ಶೇ 24 ಇಳಿದಿತ್ತು, ಪ್ರೋಟೀನ್ ಇಲ್ಲದೆ ಶೇ 37. ಅಷ್ಟು ಕುಡಿಯದೇ ಇರೋರಿಗೆ ಇಷ್ಟೇ ಪರಿಣಾಮ ಅಂತ ಇದರಿಂದ ಹೇಳೋಕೆ ಬರಲ್ಲ. ಆದ್ರೂ ಶನಿವಾರ ಸಾಯಂಕಾಲ ಕಾಲಿನ ವ್ಯಾಯಾಮದ ಲೆಗ್ ಡೇ ಮುಗಿಸಿ ಪ್ರೋಟೀನ್ ಶೇಕ್ ಕುಡಿದು ಸೀದಾ ಪಬ್ಬಿಗೆ ಹೋಗೋ ಹುಡುಗರು ಇದನ್ನ ತಿಳ್ಕೊಂಡಿರಲಿ ಅಂತ ನನ್ನ ಆಸೆ.

ಈಗ ನನಗೆ ಎಲ್ಲಕ್ಕಿಂತ ಚಿಂತೆ ಆಗೋ ವಿಷಯಕ್ಕೆ ಬರ್ತೀನಿ. ರಾತ್ರಿ ಪಾರ್ಟಿ ಇದೆ, ಕ್ಯಾಲರಿ ಉಳಿಸಬೇಕು ಅಂತ ಮಧ್ಯಾಹ್ನದ ಊಟ ಬಿಡೋದು. ಇದಕ್ಕೆ ಡ್ರಂಕೊರೆಕ್ಸಿಯ ಅಂತ ಒಂದು ಹೆಸರೂ ಹುಟ್ಟಿಕೊಂಡಿದೆ, ಕಾಲೇಜು ವಯಸ್ಸಿನವರಲ್ಲಿ ಜಾಸ್ತಿ, ಅದರಲ್ಲೂ ದಪ್ಪ ಆಗ್ತೀನಿ ಅನ್ನೋ ಭಯ ಇರೋ ಹುಡುಗೀರಲ್ಲಿ. ಕ್ಯಾಲರಿ ಎಣಿಸೋ ಆಪ್‌ಗೆ ಇದು ಜಾಣತನ ಅನ್ಸಬಹುದು, ದೇಹಕ್ಕೆ ಇದು ಅಪಾಯ. ಹೊಟ್ಟೇಲಿ ಊಟ ಇದ್ರೆ ಆಲ್ಕೋಹಾಲ್ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೆ, ನಿಧಾನಕ್ಕೆ ಕರುಳಿಗೆ ಇಳಿಯುತ್ತೆ, ನಿಧಾನಕ್ಕೆ ರಕ್ತ ಸೇರುತ್ತೆ. ಖಾಲಿ ಹೊಟ್ಟೆ ಅಂದ್ರೆ ತಡೆಯೋರೇ ಇಲ್ಲ, ಸೀದಾ ಸಣ್ಣ ಕರುಳಿಗೆ ಹೋಗಿ ಸರ್ರಂತ ಏರುತ್ತೆ. ಹೆಂಗಸರ ದೇಹದಲ್ಲಿ ನೀರಿನಂಶ ಕಮ್ಮಿ, ಅದೇ ತೂಕದ ಗಂಡಸು ಕುಡಿದಷ್ಟೇ ಕುಡಿದ್ರೂ ರಕ್ತದಲ್ಲಿ ಪ್ರಮಾಣ ಜಾಸ್ತಿ ಆಗುತ್ತೆ. ಗಂಡು-ಹೆಣ್ಣು ಅಂತ ನೈತಿಕತೆ ಮಾತಾಡೋರ ಮಾತು ಬಿಡಿ, ಇದು ಬರೀ ನೀರಿನ ಲೆಕ್ಕ. ಇನ್ನು ಊಟ ಇಲ್ಲದೆ ಲಿವರಲ್ಲಿ ಗ್ಲೈಕೋಜನ್ ಖಾಲಿ ಆಗಿರೋವಾಗ ಹೊಸ ಗ್ಲೂಕೋಸ್ ತಯಾರಿಸೋ ದಾರಿಯನ್ನ ಆಲ್ಕೋಹಾಲ್ ಮುಚ್ಚಿಬಿಡುತ್ತೆ, ಶುಗರ್ ಕೆಳಗೆ ಇಳಿಯುತ್ತೆ. ಇನ್ಸುಲಿನ್ ತಗೊಳ್ಳೋರು, ಶುಗರಿಗೆ ಕೆಲವು ಬಗೆಯ ಮಾತ್ರೆ ನುಂಗೋರು ಊಟ ಬಿಟ್ಟು, ವಾಕಿಂಗ್ ಮಾಡಿ, ಆಮೇಲೆ ಕುಡಿದ್ರೆ ಈ ಮೂರೂ ಸೇರಿ ಪ್ರಜ್ಞೆ ತಪ್ಪೋ ಮಟ್ಟಕ್ಕೆ ಹೋಗಬಹುದು, ಸುತ್ತ ಇರೋರು "ಟೈಟ್ ಆಗಿದಾನೆ, ಮಲಗ್ಲಿ ಬಿಡು" ಅಂದುಕೊಂಡು ಸುಮ್ಮನಿದ್ರೆ ಜೀವಕ್ಕೇ ಬರುತ್ತೆ. ದಯವಿಟ್ಟು ಇದೊಂದು ನೆನಪಿಟ್ಕೊಳ್ಳಿ. ಕುಡಿಯೋದೇ ಆದ್ರೆ ಮೊದಲು ಊಟ, ಮುದ್ದೆ-ಸಾರು ಆಗಲಿ, ಅನ್ನ-ಮೊಸರಾಗಲಿ, ಮನೆ ಊಟ. ಊಟ ಆಗಿದ್ರೆ ಮಧ್ಯರಾತ್ರಿ ಬಿರಿಯಾನಿಯೂ ತಾನಾಗೇ ತಪ್ಪುತ್ತೆ.

ಹ್ಯಾಂಗೋವರ್ ಇರೋವಾಗ ಜೋರಾಗಿ ಓಡೋದೂ ಇದೇ ಜಾತಿಗೆ ಸೇರಿದ್ದು. ಮೈಯಲ್ಲಿ ನೀರಿಲ್ಲ, ನಿದ್ದೆ ಇಲ್ಲ, ಎದೆ ಬಡಿತ ಆಗ್ಲೇ ಮೇಲಿದೆ, ಆ ಹೊತ್ತಲ್ಲಿ ಶಿಕ್ಷೆ ಕೊಡೋ ಥರ ಸ್ಪ್ರಿಂಟ್ ಹೊಡೀತಾರೆ. ರಜೆ ದಿನಗಳಲ್ಲಿ ಚೆನ್ನಾಗಿ ಕುಡಿದ ಮೇಲೆ ಆರೋಗ್ಯವಾಗಿದ್ದವರಲ್ಲೂ ಎದೆ ಬಡಿತ ತಾಳ ತಪ್ಪೋದನ್ನ ಡಾಕ್ಟರುಗಳು ನೋಡಿ 1978ರಲ್ಲೇ ಅದಕ್ಕೆ ಹಾಲಿಡೇ ಹಾರ್ಟ್ ಅಂತ ಹೆಸರಿಟ್ಟಿದಾರೆ. ಎದೆ ಡವಡವ ಅಂತ ಹೊಡ್ಕೊಳ್ತಿದೆ, ತಾಳ ಇಲ್ಲ, ತಲೆ ಸುತ್ತುತ್ತೆ ಅಂದ್ರೆ ಅದು ಬೆವರಿಳಿಸಿ ಸರಿಮಾಡೋ ವಿಷಯ ಅಲ್ಲ. ಅವತ್ತು ನೀರು, ಎಳನೀರು, ಇಡ್ಲಿ, ಸುಮ್ನೆ ಒಂದು ಅರ್ಧ ಗಂಟೆ ನಿಧಾನ ನಡಿಗೆ, ಅಷ್ಟು ಸಾಕು.

ಹಾಗಾದ್ರೆ ವ್ಯಾಯಾಮದಿಂದ ಕುಡಿಯೋರಿಗೆ ಏನೂ ಲಾಭ ಇಲ್ವಾ ಅಂದ್ರೆ, ಖಂಡಿತ ಇದೆ. ಬ್ರಿಟನ್ನಿನಲ್ಲಿ 40 ದಾಟಿದ 36 ಸಾವಿರಕ್ಕೂ ಹೆಚ್ಚು ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ 2016ರಲ್ಲಿ ಒಂದು ಅಧ್ಯಯನ ಬಂತು, ಕುಡಿಯೋರಲ್ಲೇ ವಾರಕ್ಕೆ ಶಿಫಾರಸು ಮಾಡಿದಷ್ಟಾದ್ರೂ ಮೈ ಬಗ್ಗಿಸಿದವರಿಗೂ ಮೈ ಬಗ್ಗಿಸದವರಿಗೂ ಸಾವಿನ ಅಪಾಯದಲ್ಲಿ ವ್ಯತ್ಯಾಸ ಕಂಡಿತ್ತು, ನಿಯಮಿತವಾಗಿ ವ್ಯಾಯಾಮ ಮಾಡೋರಲ್ಲಿ ಆಲ್ಕೋಹಾಲಿನ ಕೆಡುಕು ಸ್ವಲ್ಪ ಮಟ್ಟಿಗೆ ತಗ್ಗಿತ್ತು. ಗಮನಿಸಿ, ಅಲ್ಲಿ ಯಾರೂ ನಿನ್ನೆಯ ಪೆಗ್ಗಿಗೆ ಇವತ್ತಿನ ಕಿಲೋಮೀಟರ್ ಅಂತ ತಾಳೆ ಹಾಕಿರಲಿಲ್ಲ. ವಾರಕ್ಕೆ 150 ನಿಮಿಷ ಜೋರು ನಡಿಗೆ, ವರ್ಷದಿಂದ ವರ್ಷಕ್ಕೆ, ಕುಡಿದ್ರೂ ಕುಡಿಯದಿದ್ರೂ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡೋದು, ಬಿಪಿ ಇಳಿಯೋದು, ಲಿವರಿನ ಕೊಬ್ಬು ಕಮ್ಮಿ ಆಗೋದು, ನಿದ್ದೆ ಸರಿಹೋಗೋದು ಇವೆಲ್ಲ ಆ ನಿರಂತರತೆಯಿಂದ ಬರೋದು, ಭಾನುವಾರದ ಒಂದು ಸಾಹಸದಿಂದ ಅಲ್ಲ.

ಮತ್ತೆ ಒಂದು ವಿಚಿತ್ರ ಸತ್ಯ ಇದೆ. ಅಮೆರಿಕದಲ್ಲಿ 18ರಿಂದ 89 ವರ್ಷದ 150 ಜನರ ದಿನಚರಿ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೊತ್ತಾಗಿದ್ದು, ಜನ ಜಾಸ್ತಿ ಮೈ ಬಗ್ಗಿಸಿದ ದಿನವೇ ಜಾಸ್ತಿ ಕುಡಿದಿದ್ರು. ಯಾಕೆ ಅನ್ನೋದಕ್ಕೆ ಹಲವು ಕಾರಣ ಇರಬಹುದು, ಆದ್ರೆ ನನ್ನ ಅನುಭವದಲ್ಲಿ ಕಾರಣ ಒಂದೇ, "ಇವತ್ತು 10 ಕಿಲೋಮೀಟರ್ ಆಯ್ತು, ನನಗೆ ಹಕ್ಕಿದೆ". ವ್ಯಾಯಾಮ ಅನ್ನೋದು ಕುಡಿಯೋಕೆ ಪರ್ಮಿಟ್ ಆಗಿಬಿಡುತ್ತೆ, ಕುಡಿಯೋದು ವ್ಯಾಯಾಮಕ್ಕೆ ಪ್ರಾಯಶ್ಚಿತ್ತದ ಬಣ್ಣ ಕೊಡುತ್ತೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದ ತಕ್ಷಣ ಎರಡೂ ಕೆಡ್ತವೆ. ಓಡೋದು ಎಷ್ಟು ಚೆನ್ನಾಗಿರುತ್ತೆ ಅನ್ನೋದೇ ನನಗೆ ಐದು ವರ್ಷ ಗೊತ್ತಾಗಿರಲಿಲ್ಲ, ಯಾಕಂದ್ರೆ ನಾನು ಯಾವಾಗಲೂ ತಪ್ಪು ತೊಳೆಯೋಕೆ ಅಂತಲೇ ಓಡ್ತಿದ್ದೆ, ತಲೆ ಭಾರ ಇಟ್ಕೊಂಡು. ಮೊದಲ ಸಲ ಏನೂ ಕುಡಿಯದ ಶನಿವಾರದ ಮಾರನೇ ದಿನ ಲಾಲ್‌ಬಾಗಲ್ಲಿ ಬಂಡೆ ಪಕ್ಕ ಓಡಿದ್ದು ಇನ್ನೂ ನೆನಪಿದೆ, ಅದೇ ದಾರಿ, ಅದೇ ಕಾಲು, ಉಸಿರು ಮಾತ್ರ ಬೇರೆ ಯಾರದ್ದೋ ಅನ್ನೋ ಥರ ಹಗುರ.

ನಮ್ಮಲ್ಲಿ ಕುಡಿಯೋದನ್ನ ನಿಲ್ಲಿಸೋ ಅಭ್ಯಾಸ ಇಲ್ಲ ಅಂತಲ್ಲ. ಶ್ರಾವಣ ಬಂದ್ರೆ ಮಾಂಸ-ಮದ್ಯ ಮುಟ್ಟದವರು ಎಷ್ಟು ಮನೇಲಿದಾರೆ, ಅಯ್ಯಪ್ಪನ ಮಾಲೆ ಹಾಕಿದ್ರೆ 41 ದಿನ ಗ್ಲಾಸಿನ ಹತ್ರನೂ ಹೋಗಲ್ಲ, ಬೆಳಗ್ಗೆ ಬೇಗ ಎದ್ದು ತಣ್ಣೀರು ಸ್ನಾನ, ಬರಿಗಾಲಲ್ಲಿ ಓಡಾಟ, ಮಿತವಾದ ಊಟ. ಮಾಲೆ ಹಾಕಿದ ನನ್ನ ಫ್ರೆಂಡುಗಳ ಮುಖ ಮೂರನೇ ವಾರಕ್ಕೆ ಬೇರೆ ಥರ ಕಾಣ್ತಿತ್ತು, ಅವರೇ ಹೇಳೋರು ನಿದ್ದೆ ಎಷ್ಟು ಚೆನ್ನಾಗಿ ಬರ್ತಿದೆ ಅಂತ. ಕಷ್ಟ ಇರೋದು ಮಾಲೆ ತೆಗೆದ ದಿನ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಕಾದು ಕೂತಂಗೆ, 41 ದಿನದ್ದೂ ಒಂದೇ ರಾತ್ರಿಗೆ ಸೇರಿಸಿ ಕುಡಿಯೋರನ್ನ ನೋಡಿದೀನಿ, ಅಷ್ಟು ದಿನ ಬಿಟ್ಟಿದ್ದ ದೇಹಕ್ಕೆ ಅಭ್ಯಾಸ ತಪ್ಪಿರುತ್ತೆ, ಹಳೇ ಅಳತೆ ಅವತ್ತು ಜಾಸ್ತಿನೇ ಹೊಡೆಯುತ್ತೆ. ನನಗೆ ಅನ್ಸೋದು, ವ್ರತದಲ್ಲಿ ಇರೋ ನಿಜವಾದ ಶಕ್ತಿ ಕುಡಿಯದೇ ಇರೋದ್ರಲ್ಲಿ ಅರ್ಧ, ಮಿಕ್ಕರ್ಧ ಆ ದಿನಚರೀಲಿ ಇದೆ, ಎದ್ದೇಳೋ ಟೈಮು, ಜೊತೆಗಿರೋ ಸ್ವಾಮಿಗಳು, ಬೇಡ ಅಂದಾಗ ಯಾರೂ ಒತ್ತಾಯ ಮಾಡದೇ ಇರೋದು. ಆ ದಿನಚರೀಲಿ ಒಂದು ತುಂಡನ್ನಾದ್ರೂ ಮಿಕ್ಕ ಹತ್ತು ಹನ್ನೊಂದು ತಿಂಗಳಿಗೆ ಎಳ್ಕೊಂಡು ಬರೋಕೆ ಆಗುತ್ತೆ.

ನಾನು ಈಗ ಮಾಡೋದು ಹೇಳ್ತೀನಿ, ಎಲ್ಲರಿಗೂ ಇದೇ ಸರಿ ಅಂತಲ್ಲ. ಕ್ಯಾಲರಿ ಎಣಿಸೋದು ಬಿಟ್ಟೆ, ಗ್ರಾಂ ಎಣಿಸ್ತೀನಿ. ಮೊದಲು ತಿಂಗಳಿಗೆ ಎಷ್ಟು ಸಲ ಅಂತ ಮೊಬೈಲಲ್ಲಿ ಬರೆದಿಟ್ಟೆ, ಬರೆದಿದ್ದು ನೋಡಿಯೇ ಅರ್ಧ ಇಳೀತು. ವಾರಕ್ಕೆ ಐದು ದಿನ ನಡಿಗೆಯೋ ಓಟವೋ, ಶನಿವಾರ ಏನೇ ಆಗಿದ್ರೂ ಭಾನುವಾರ ಅದಕ್ಕೋಸ್ಕರ ಒಂದು ಹೆಜ್ಜೆನೂ ಜಾಸ್ತಿ ಇಲ್ಲ, ಕಮ್ಮಿನೂ ಇಲ್ಲ. ಕೂತ ತಕ್ಷಣ ಮೊದಲ ಗ್ಲಾಸು ನಿಂಬೆ ಸೋಡಾ, ಬಾಯಾರಿಕೆಗೆ ಪೆಗ್ ಕುಡಿಯೋದು ಅದರಿಂದಲೇ ತಪ್ಪಿತು. ಬೇಯಿಸಿದ ಕಡ್ಲೆಕಾಯಿ, ಸೌತೆಕಾಯಿ, ಕೋಸಂಬರಿ ಥರದ್ದು ಇದ್ರೆ ಅದು. "ಒಂದೇ ಒಂದು ತಗೋ, ಏನಾಗಲ್ಲ" ಅನ್ನೋರಿಗೆ ವಾದ ಮಾಡಲ್ಲ, ಕೈಯಲ್ಲಿ ತುಂಬಿದ ಗ್ಲಾಸ್ ಇದ್ರೆ ಯಾರೂ ಇನ್ನೊಂದು ಕೊಡಲ್ಲ, ಅದರಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ಜಾಸ್ತಿ ಆದ ದಿನ ಆಗೇ ಆಗುತ್ತೆ, ಆಗ ಮಾರನೇ ದಿನ ಉಪವಾಸ ಇರಲ್ಲ, ನನ್ನನ್ನ ನಾನು ಬೈಕೊಳ್ಳಲ್ಲ, ಮಾಮೂಲಿ ತಿಂಡಿ ತಿಂದು ಮಾಮೂಲಿ ದಿನಕ್ಕೆ ವಾಪಸ್ ಬರ್ತೀನಿ. ಬೈಕೊಂಡ ವಾರಗಳಲ್ಲೇ ನಾನು ಮತ್ತೆ ಜಾಸ್ತಿ ಕುಡಿದಿದ್ದು, ಬರೆದಿಟ್ಟ ನೋಟ್ಸಲ್ಲೇ ಅದು ಕಾಣುತ್ತೆ.

ದಿನಾ ಒಂದು ಪೆಗ್ ಹೃದಯಕ್ಕೆ ಒಳ್ಳೇದಂತೆ ಅಂತ ಮನೇಲಿ ಹಿರಿಯರು ಹೇಳ್ತಾರೆ. ಆ ಮಾತನ್ನ ಈಗ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಲ್ಲ, ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ 2023ರ ಜನವರೀಲಿ ನೇರವಾಗಿ ಹೇಳಿದೆ. ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಆಲ್ಕೋಹಾಲನ್ನ ಸೇರಿಸಿದ್ದು 1988ರಲ್ಲೇ, ತಂಬಾಕು ಇರೋ ಅದೇ ಗುಂಪು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ಗುಟ್ಕಾ-ಸಿಗರೇಟ್ ಜೊತೆ ಕುಡಿಯೋರಿಗೆ ಬಾಯಿ-ಗಂಟಲಿನ ಅಪಾಯ ಒಂದಕ್ಕೊಂದು ಕೂಡೋದಲ್ಲ, ಗುಣಿಸಿದಂಗೆ ಏರುತ್ತೆ. ಇದನ್ನ ಯಾವ ಟ್ರೆಡ್‌ಮಿಲ್ಲೂ ಅಳಿಸಲ್ಲ, ಯಾಕಂದ್ರೆ ಇದು ಕ್ಯಾಲರಿಯಿಂದ ಬಂದಿದ್ದೇ ಅಲ್ಲ. ಕುಡಿಯದೇ ಇರೋರು ಆರೋಗ್ಯಕ್ಕೆ ಅಂತ ಶುರು ಮಾಡೋಕೆ ಒಂದು ಕಾರಣವೂ ಇಲ್ಲ. ಗರ್ಭಿಣಿಯರು, ಲಿವರ್ ತೊಂದರೆ ಇರೋರು, ಮನಸ್ಸಿನ ಕಾಯಿಲೆಗೋ ಫಿಟ್ಸಿಗೋ ಮಾತ್ರೆ ತಗೊಳ್ಳೋರು ಮುಟ್ಟಲೇಬಾರದು.

ಕೊನೇದಾಗಿ, ಇಷ್ಟೂ ಓದಿ ಇದು ನನಗಲ್ಲ, ನಮ್ಮ ಅಪ್ಪನಿಗೋ ತಮ್ಮನಿಗೋ ಬೇಕಾಗಿರೋದು ಅಂತ ಅನ್ಸಿದವರು ಇರ್ತೀರಿ. ದಿನಾ ಕುಡಿಯೋರಿಗೆ, ಬೆಳಗ್ಗೆ ಎದ್ದ ತಕ್ಷಣ ಕೈ ನಡುಗಿ ಅದು ನಿಲ್ಲೋಕೆ ಒಂದು ಗುಟುಕು ಬೇಕಾಗೋರಿಗೆ, ಕ್ಯಾಲರಿ ಲೆಕ್ಕವೂ ಬೇಡ, ಜಿಮ್ಮೂ ಸದ್ಯಕ್ಕೆ ಬೇಡ. ಅವರಿಗೆ "ಇವತ್ತಿಂದ ಪೂರ್ತಿ ನಿಲ್ಸು" ಅಂತ ಆಣೆ ಹಾಕಿಸೋದೂ ಅಪಾಯ. ಅಷ್ಟು ಅಭ್ಯಾಸ ಆದ ದೇಹ ದಿಢೀರ್ ಅಂತ ಬಿಟ್ಟಾಗ ಮೊದಲ ದಿನ ನಡುಕ, ಬೆವರು, ನಿದ್ದೆ ಇಲ್ಲ, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು, ಗೊಂದಲ, ಜ್ವರ ಬಂದು ಜೀವಕ್ಕೂ ಅಪಾಯ ಆಗಬಹುದು. ಇದನ್ನ ಡಾಕ್ಟರ ಕಣ್ಣೆದುರು ಮಾತ್ರೆ ಕೊಟ್ಟು, ಬಿ1 ವಿಟಮಿನ್ ಕೊಟ್ಟು ನಿಲ್ಲಿಸ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಪ್ರತ್ಯೇಕ ವಿಭಾಗ ಇದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರನೂ ಹೋಗಬಹುದು. ಹೋಗೋಕೆ ಮುಂಚೆ ಒಂದು ಸಲ ಮಾತಾಡಿ ನೋಡಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ವ್ಯಸನಕ್ಕೇ ಅಂತ ಇರೋದು 14446, ಎರಡಕ್ಕೂ ದುಡ್ಡಿಲ್ಲ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಕುಡಿಯೋರೇ ಮಾಡಬೇಕು ಅಂತಿಲ್ಲ, ಮನೆಯವರು ಮಾಡಿದ್ರೂ ಆಗುತ್ತೆ.